ಆನ್‌ಲೈನ್ ಬ್ರಿಡ್ಜ್: ಪರ್ತ್, ಅಡಿಲೇಡ್, ಬ್ರಿಸ್ಬೇನ್

ನಾಲ್ವರು ಎರಡು ಜೋಡಿಗಳಾಗಿ ಆಡುವ ಕಾಂಟ್ರಾಕ್ಟ್ ಬ್ರಿಡ್ಜ್ ಎಂಬ ಇಸ್ಪೀಟಾಟವನ್ನು ಒಂದೇ ಮೇಜಿನ ಸುತ್ತ ಕೂರದೆ ಅಂತರ್ಜಾಲದ ಮೂಲಕ ಆಡುವುದು, ಆಡಿದ್ದನ್ನು ಅಲ್ಲೇ ಮತ್ತೆ ತೆರೆದು ಚರ್ಚಿಸುವುದು ಆನ್‌ಲೈನ್ ಬ್ರಿಡ್ಜ್. 1990ರಲ್ಲಿ ಮೊದಲಾದ ಈ ಪದ್ಧತಿ ಮೂವತ್ತು ವರ್ಷ ಆಸಕ್ತರ ವಲಯದಲ್ಲೇ ಉಳಿದಿತ್ತು. 2020ರಲ್ಲಿ ಕೋವಿಡ್‌ನಿಂದ ಕ್ಲಬ್‌ಗಳು ಮುಚ್ಚಿದಾಗ ಸಾಮಾನ್ಯ ಆಟಗಾರರ ಮನೆಗೂ ಬಂತು. ಬಂದ ಗಳಿಗೆ ಅಂಥದ್ದಾದ್ದರಿಂದ ಇದನ್ನು ಆಪತ್ಕಾಲದ ಬದಲಿ ವ್ಯವಸ್ಥೆ ಎಂದು ನೋಡುವವರೇ ಹೆಚ್ಚು. ಆಸ್ಟ್ರೇಲಿಯಾದ ಪರ್ತ್, ಅಡಿಲೇಡ್, ಬ್ರಿಸ್ಬೇನ್ ನಗರಗಳ ನಿದರ್ಶನ ಹಿಡಿದು ನೋಡಿದರೆ ಈ ಎಣಿಕೆ ಪೂರ್ತಿ ಸರಿಯಲ್ಲ ಎಂದು ತಿಳಿಯುತ್ತದೆ. ಬ್ರಿಡ್ಜ್‌ನ ಜೀವಾಳ ಬಿಡ್ಡಿಂಗ್. ತನ್ನ 13 ಎಲೆ ಮಾತ್ರ ಕಾಣುತ್ತಿರುವಾಗ ಉಳಿದ 39 ಎಲೆಗಳ ಬಗ್ಗೆ ಊಹಿಸಿ ಮಾಡುವ ನಿರ್ಧಾರ ಅದು. ಕ್ಲಬ್ ಮೇಜಿನಲ್ಲಿ ಈ ನಿರ್ಧಾರ ಆಟದೊಂದಿಗೇ ಕರಗಿಹೋಗುತ್ತಿತ್ತು, ಅಂಕ ಮಾತ್ರ ಹಾಳೆಯ ಮೇಲೆ ಉಳಿಯುತ್ತಿತ್ತು. ಆನ್‌ಲೈನ್ ತಾಣ ನಿರ್ಧಾರವನ್ನೇ ದಾಖಲಿಸಿ ಇಟ್ಟಿತು. ದೂರದ ಊರಿನವರ ಜೊತೆ ಆಡಲು ಸಿಕ್ಕ ಅನುಕೂಲಕ್ಕಿಂತ, ಹೇಗೆ ಯೋಚಿಸಿ ಆಡಿದೆವು ಎಂಬುದನ್ನು ಪರೀಕ್ಷಿಸಲು ಸಿಕ್ಕ ಈ ದಾಖಲೆ ದೊಡ್ಡದು ಎಂಬುದು ಈ ಲೇಖನದ ವಾದ.

ಆಟದ ಸ್ವರೂಪ

ಕಾಸರಗೋಡು, ದಕ್ಷಿಣ ಕನ್ನಡದ ಕಡೆ ‘ಇಪ್ಪತ್ತೆಂಟು’ ಆಡಿ ಬೆಳೆದವರಿಗೆ ಬ್ರಿಡ್ಜ್ ಅರ್ಧ ಪರಿಚಿತ. ಅಲ್ಲಿಯೂ ಎದುರುಬದುರು ಕೂತವರು ಜೋಡಿ. ಎಲೆ ಕೈಗೆ ಬಂದೊಡನೆ ಹರಾಜಿನ ಸವಾಲಿನಂತೆ ಕೂಗು ಏರುತ್ತದೆ. ಹೆಚ್ಚು ಕೂಗಿದವರು ತುರುಫು ಆರಿಸುತ್ತಾರೆ. ಇಪ್ಪತ್ತೆಂಟಿನಲ್ಲಿ ತುರುಫನ್ನು ಮುಚ್ಚಿಡುತ್ತಾರೆ, ಬ್ರಿಡ್ಜ್‌ನಲ್ಲಿ ಅದು ಕೂಗಿನ ಭಾಗವೇ. ಕಳಾವರ, ಡೈಮನ್, ಆಟೀನ್, ಇಸ್ಪೀಟು, ತುರುಫೇ ಇಲ್ಲದ ನೋ ಟ್ರಂಪ್ ಎಂದು ಏರುತ್ತಾ ಹೋಗುವ ಐದು ಬಗೆ. ಒಂದರಿಂದ ಏಳರವರೆಗೆ ಏಳು ಮಟ್ಟ; ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತು ‘ಟ್ರಿಕ್’, ಆರು ಟ್ರಿಕ್‌ಗಳ ಮೇಲೆ ಇನ್ನೆಷ್ಟು ಗೆಲ್ಲುತ್ತೇವೆ ಎಂಬ ಮಾತೇ ಮಟ್ಟ. ಹೀಗೆ 35 ಬಿಡ್. ಜೊತೆಗೆ ಪಾಸ್, ಡಬಲ್, ರಿಡಬಲ್. 13 ಎಲೆಗಳ ಕೈ 63,501 ಕೋಟಿಗೂ ಹೆಚ್ಚು ಬಗೆಯಲ್ಲಿ ಬರಬಹುದು. ಅದನ್ನು ಜೊತೆಗಾರರಿಗೆ ತಿಳಿಸಲು ಇರುವುದು ಈ 38 ಮಾತು ಮಾತ್ರ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಇಡೀ ಕಟ್ಟಿನಲ್ಲಿ 40 ಪಾಯಿಂಟ್. ಜೋಡಿಯ ಬಳಿ ಸುಮಾರು 25 ಕೂಡಿದರೆ ‘ಗೇಮ್’ ಮಟ್ಟಕ್ಕೆ, ಅಂದರೆ ಮೂರು ನೋ ಟ್ರಂಪ್ ಇಲ್ಲವೇ ನಾಲ್ಕು ಆಟೀನ್, ನಾಲ್ಕು ಇಸ್ಪೀಟಿಗೆ ಹೋಗುವುದು ವಾಡಿಕೆ. ಹೆಚ್ಚು ಕೂಗಿದವರಿಗಷ್ಟೇ ಹೆಚ್ಚು ಬೋನಸ್ ಎಂಬ ಇಂದಿನ ಅಂಕಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ರೂಪಿಸಿದರು. ಎಲ್ಲ ಮೇಜುಗಳಲ್ಲೂ ಅದೇ ಹಂಚಿಕೆಯನ್ನು ಆಡಿಸಿ, ಅದೇ ಎಲೆಗಳಿಂದ ಯಾರು ಹೆಚ್ಚು ಗಳಿಸಿದರು ಎಂದು ನೋಡುವ ‘ಡುಪ್ಲಿಕೇಟ್’ ಪದ್ಧತಿಯಿಂದಾಗಿ ಒಳ್ಳೆ ಎಲೆ ಬಂದವರೇ ಗೆಲ್ಲುವ ಅದೃಷ್ಟದಾಟ ಬಹುಮಟ್ಟಿಗೆ ತಪ್ಪಿತು. ಆನ್‌ಲೈನ್ ತಾಣಗಳು ನಿಂತಿರುವುದು ಈ ಡುಪ್ಲಿಕೇಟ್ ಬುನಾದಿಯ ಮೇಲೆಯೇ.

ಮೂರು ನಗರ, ಮೂರು ಗಡಿಯಾರ

ಆಸ್ಟ್ರೇಲಿಯನ್ ಬ್ರಿಡ್ಜ್ ಫೆಡರೇಶನ್ ಅಡಿಯಲ್ಲಿ ಪ್ರತಿ ರಾಜ್ಯಕ್ಕೂ ಒಂದು ಸಂಸ್ಥೆಯಿದೆ. ಪರ್ತ್‌ನ ಸ್ವಾನ್‌ಬರ್ನ್‌ನಲ್ಲಿ ವೆಸ್ಟ್ ಆಸ್ಟ್ರೇಲಿಯನ್ ಬ್ರಿಡ್ಜ್ ಕ್ಲಬ್, ಅಡಿಲೇಡ್‌ನ ಅನ್‌ಲಿಯಲ್ಲಿ ಸೌತ್ ಆಸ್ಟ್ರೇಲಿಯನ್ ಬ್ರಿಡ್ಜ್ ಅಸೋಸಿಯೇಷನ್, ಬ್ರಿಸ್ಬೇನ್‌ನಲ್ಲಿ ಟೂವಾಂಗ್ ಬ್ರಿಡ್ಜ್ ಕ್ಲಬ್ ಮೊದಲಾದವು ಹಳೆಯ ನೆಲೆಗಳು. ಪರ್ತ್ 1989ರಲ್ಲಿ ವಿಶ್ವ ತಂಡ ಚಾಂಪಿಯನ್‌ಷಿಪ್ ಆದ ಬರ್ಮುಡಾ ಬೌಲ್‌ಗೆ ಆತಿಥ್ಯ ನೀಡಿತ್ತು; ಆ ಸಲ ಗೆದ್ದ ಬ್ರೆಜಿಲ್, ಆ ಪ್ರಶಸ್ತಿ ಪಡೆದ ಮೊದಲ ದಕ್ಷಿಣ ಅಮೆರಿಕದ ತಂಡ. ಆಟದ ನೆಲೆ ಗಟ್ಟಿಯಿದ್ದರೂ ದೂರ ಕಾಡುತ್ತಿತ್ತು. ಪರ್ತ್‌ನಿಂದ ಅಡಿಲೇಡ್‌ಗೆ ವಿಮಾನದಲ್ಲೇ ಎರಡು ಸಾವಿರ ಕಿಲೋಮೀಟರ್ ಮೀರುತ್ತದೆ, ಬ್ರಿಸ್ಬೇನ್‌ಗೆ ಮೂರೂವರೆ ಸಾವಿರ ದಾಟುತ್ತದೆ. ದೂರಕ್ಕಿಂತ ವಿಚಿತ್ರವಾದದ್ದು ಗಡಿಯಾರ. ಪಶ್ಚಿಮ ಆಸ್ಟ್ರೇಲಿಯಾವೂ ಕ್ವೀನ್ಸ್‌ಲೆಂಡೂ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ನಡುವಿನ ದಕ್ಷಿಣ ಆಸ್ಟ್ರೇಲಿಯಾ ಇಡುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಪರ್ತ್‌ನಲ್ಲಿ ಸಂಜೆ 7 ಗಂಟೆಯಾದರೆ ಬ್ರಿಸ್ಬೇನ್‌ನಲ್ಲಿ 9, ಅದಕ್ಕಿಂತ ಪಶ್ಚಿಮಕ್ಕಿರುವ ಅಡಿಲೇಡ್‌ನಲ್ಲಿ 9.30. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಸಂಜೆ 4.30. ಗಡಿಯಾರದ ಲೆಕ್ಕದಲ್ಲಿ ಆಗ ಪರ್ತ್‌ಗೆ ತನ್ನ ದೇಶದ ಅಡಿಲೇಡ್ ಎಷ್ಟು ದೂರವೋ ಬೆಂಗಳೂರೂ ಅಷ್ಟೇ ದೂರ. ಪರ್ತ್‌ನಲ್ಲಿ ನೆಲೆಸಿದ ಕನ್ನಡಿಗರೊಬ್ಬರಿಗೆ ಮಲ್ಲೇಶ್ವರದ ಗೆಳೆಯರ ಜೊತೆ ಒಂದು ಕೈ ಆಡುವುದು ಅಡಿಲೇಡಿನವರ ಜೊತೆ ಆಡುವುದಕ್ಕಿಂತ ಕಷ್ಟವಲ್ಲ ಎಂದಾಯಿತು.

ಕೋವಿಡ್ ಕಾಲದಲ್ಲಿ ಈ ದೂರಕ್ಕೆ ಗಡಿಯ ಬಾಗಿಲೂ ಸೇರಿತು. ಪಶ್ಚಿಮ ಆಸ್ಟ್ರೇಲಿಯಾ 2020ರ ಏಪ್ರಿಲ್ 5ರ ರಾತ್ರಿ ಇತರ ರಾಜ್ಯಗಳವರಿಗೆ ಮುಚ್ಚಿದ ಗಡಿ ಪೂರ್ತಿ ತೆರೆದದ್ದು 2022ರ ಮಾರ್ಚ್ 3ರಂದು. ದಕ್ಷಿಣ ಆಸ್ಟ್ರೇಲಿಯಾ 2021ರ ನವೆಂಬರ್ 23ರಂದು, ಕ್ವೀನ್ಸ್‌ಲೆಂಡ್ ಡಿಸೆಂಬರ್ 13ರಂದು ಲಸಿಕೆ ಪಡೆದವರಿಗೆ ಗಡಿ ಸಡಿಲಿಸಿದವು. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ: ಈ ಎರಡು ವರ್ಷಗಳ ಬಹುಭಾಗ ಪರ್ತ್‌ನ ಒಳಗೆ ಸೋಂಕು ಅತಿ ಕಡಿಮೆಯಿತ್ತು, ಅಲ್ಲಿಯವರು ತಮ್ಮ ಊರಿನಲ್ಲಿ ಮೇಜಿನ ಸುತ್ತ ಕೂರಬಹುದಿತ್ತು. ಅವರಿಗೆ ಇಲ್ಲವಾದದ್ದು ಹೊರ ರಾಜ್ಯದ ಎದುರಾಳಿಗಳು. ಆಪತ್ಕಾಲದ ಬದಲಿ ಎಂಬ ಮಾತು ಪರ್ತ್‌ನ ಮಟ್ಟಿಗೆ ಇಲ್ಲೇ ಸಡಿಲವಾಗುತ್ತದೆ. ಅಲ್ಲಿ ಆನ್‌ಲೈನ್ ತುಂಬಿಕೊಟ್ಟದ್ದು ಕೋವಿಡ್‌ಗೂ ಮೊದಲಿದ್ದ, ಗಡಿ ತೆರೆದ ಮೇಲೂ ಉಳಿದಿರುವ ಕೊರತೆಯನ್ನು.

ತಾಣಗಳು ಮತ್ತು ಸೌಕರ್ಯಗಳು

ಅಮೆರಿಕದ ಮ್ಯಾಥ್ಯೂ ಕ್ಲೆಗ್ 1990ರಲ್ಲಿ ತೆರೆದ ಓಕೆಬ್ರಿಡ್ಜ್ ಈ ಬಗೆಯ ಮೊದಲ ತಾಣ. ಕೆನಡಾದ ಆಟಗಾರ ಫ್ರೆಡ್ ಗಿಟೆಲ್‌ಮನ್ 2001ರಲ್ಲಿ ಆರಂಭಿಸಿದ ಬ್ರಿಡ್ಜ್ ಬೇಸ್ ಆನ್‌ಲೈನ್, ಆಟಗಾರರ ಬಾಯಲ್ಲಿ ಬಿಬಿಒ, ಇಂದು ಎಲ್ಲಕ್ಕಿಂತ ಹೆಸರಾದದ್ದು. ಬ್ರಿಟನ್ನಿನಲ್ಲಿ 2020ರಲ್ಲಿ ಹುಟ್ಟಿದ ರಿಯಲ್‌ಬ್ರಿಡ್ಜ್, ಆಡುವವರ ಮುಖವನ್ನೂ ದನಿಯನ್ನೂ ಮೇಜಿಗೆ ತಂದಿತು. ಕೋವಿಡ್ ಕಾಲದಲ್ಲಿ ಆಸ್ಟ್ರೇಲಿಯಾದ ಕ್ಲಬ್‌ಗಳು ಬಿಬಿಒ, ರಿಯಲ್‌ಬ್ರಿಡ್ಜ್‌ಗಳನ್ನೂ ಸ್ಟೆಪ್‌ಬ್ರಿಡ್ಜ್ ಎಂಬ ಇನ್ನೊಂದನ್ನೂ ಬಳಸಿ ತಮ್ಮ ವಾರದ ಆಟಗಳನ್ನು ಮುಂದುವರಿಸಿದವು. ಈ ತಾಣಗಳು ಎಲೆ ಹಂಚುತ್ತವೆ, ಸರದಿ ತಪ್ಪಿ ಬಿಡ್ ಮಾಡಲು ಬಿಡುವುದಿಲ್ಲ, ಮೊದಲು ಇಳಿದ ಬಣ್ಣದ ಎಲೆ ಕೈಯಲ್ಲಿದ್ದೂ ಬೇರೆ ಬಣ್ಣದ್ದನ್ನು ಹಾಕಲು ಹೋದರೆ ಎಲೆಯೇ ಕದಲುವುದಿಲ್ಲ. ಕ್ಲಬ್‌ನಲ್ಲಿ ನಿರ್ದೇಶಕರನ್ನು ಕೂಗಿ ಕರೆಯಬೇಕಾಗಿದ್ದ ಹಲವು ತಪ್ಪುಗಳು ಇದರಿಂದ ಹುಟ್ಟುವುದೇ ಇಲ್ಲ. ಕಣ್ಣು ಮಂಜಾದವರು ಎಲೆ ದೊಡ್ಡದು ಮಾಡಿಕೊಳ್ಳಬಹುದು. ನಾಲ್ಕನೆಯವರು ಸಿಗದಿದ್ದರೆ ರೋಬೋ ಕೂರುತ್ತದೆ; ಬಿಬಿಒದ ರೋಬೋ, ಮ್ಯಾಥ್ಯೂ ಗಿನ್ಸ್‌ಬರ್ಗ್ ರೂಪಿಸಿದ ಜಿಬ್ ಎಂಬ ಪ್ರೋಗ್ರಾಂ. ಅದು ಅಲ್ಲಿಯವರೆಗಿನ ಬಿಡ್ಡಿಂಗ್‌ಗೆ ಹೊಂದುವ ಅನೇಕ ಹಂಚಿಕೆಗಳನ್ನು ಕಲ್ಪಿಸಿಕೊಂಡು, ಹೆಚ್ಚಿನವುಗಳಲ್ಲಿ ಯಾವ ನಡೆ ಫಲಿಸುತ್ತದೆಂದು ಲೆಕ್ಕ ಹಾಕುತ್ತದೆ. ಆಟ ಮುಗಿದೊಡನೆ ಅದೇ ಹಂಚಿಕೆಯನ್ನು ಉಳಿದ ಮೇಜುಗಳವರು ಹೇಗೆ ಬಿಡ್ ಮಾಡಿದರು, ಯಾವ ಎಲೆ ಮೊದಲು ಇಳಿಸಿದರು, ಎಷ್ಟು ಟ್ರಿಕ್ ಗೆದ್ದರು ಎಂಬುದೆಲ್ಲ ಸಾಲಾಗಿ ತೆರೆದುಕೊಳ್ಳುತ್ತದೆ. ಚರ್ಚೆಯ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ದೊಡ್ಡ ಸೌಕರ್ಯ.

ಕಣ್ಣಿಗೆ ಬೀಳದ, ಆದರೆ ಆಟದ ನ್ಯಾಯಕ್ಕೆ ಹತ್ತಿರವಾದ ಇನ್ನೊಂದು ಸೌಕರ್ಯ ಅಲರ್ಟ್‌ನದು. ಬಿಡ್‌ಗೆ ಮೇಲ್ನೋಟಕ್ಕೆ ಕಾಣದ ಒಳಾರ್ಥವಿದ್ದರೆ ಎದುರಾಳಿಗಳಿಗೆ ಅದನ್ನು ತಿಳಿಸಬೇಕು. ಕ್ಲಬ್ ಮೇಜಿನಲ್ಲಿ ಒಬ್ಬರ ಬಿಡ್‌ಗೆ ಅಲರ್ಟ್ ಹೇಳುವವರು ಅವರ ಜೊತೆಗಾರರು. ಇದರಲ್ಲೊಂದು ತೊಡಕಿತ್ತು: ಜೊತೆಗಾರರು ತಪ್ಪು ಅರ್ಥ ಹೇಳಿದರೆ, ಅವರು ಮರೆತಿದ್ದಾರೆ ಎಂಬ ಗುಟ್ಟು ಬಿಡ್ ಮಾಡಿದವರಿಗೂ ಗೊತ್ತಾಗಿಬಿಡುತ್ತಿತ್ತು. ಡುಪ್ಲಿಕೇಟ್ ಬ್ರಿಡ್ಜ್ ನಿಯಮಾವಳಿಯ 16ನೆಯ ನಿಯಮ ಇಂಥ ಅನಧಿಕೃತ ಮಾಹಿತಿಯನ್ನು ಬಳಸಕೂಡದು ಎನ್ನುತ್ತದೆ. ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲವೆಂದು ಆಡುವುದು ಸಜ್ಜನರಿಗೂ ಕಷ್ಟ. ಆನ್‌ಲೈನಿನಲ್ಲಿ ಬಿಡ್ ಮಾಡಿದವರೇ ಅರ್ಥ ಬರೆಯುತ್ತಾರೆ, ಅದು ಎದುರಾಳಿಗಳಿಗಷ್ಟೇ ಕಾಣುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 1975ರಿಂದ ಮೇಜಿನ ಮೇಲೆ ಕರ್ಣರೇಖೆಯಂತೆ ಅಡ್ಡ ಪರದೆ ಹಾಕಿ ಜೊತೆಗಾರರು ಒಬ್ಬರಿಗೊಬ್ಬರು ಕಾಣದಂತೆ ಮಾಡುತ್ತಿರುವುದು ಇದೇ ಕಾರಣಕ್ಕೆ. ಅಷ್ಟು ದೊಡ್ಡ ಪಂದ್ಯಕ್ಕೆ ಮಾತ್ರ ಒದಗುತ್ತಿದ್ದ ಪರದೆಯ ಭಾಗ್ಯ ಈಗ ಟೂವಾಂಗ್‌ನ ಮಂಗಳವಾರದ ಆಟಗಾರರಿಗೂ ಬಂದಿದೆ. ಯೋಚಿಸಲು ತಗಲಿದ ಹೊತ್ತು ಕೂಡ ಜೊತೆಗಾರರಿಗೆ ಸುಳಿವು ಕೊಡುತ್ತದೆ. ಆನ್‌ಲೈನಿನಲ್ಲಿ ತಡವಾದದ್ದು ಯೋಚನೆಯಿಂದಲೋ ನೆಟ್‌ವರ್ಕ್‌ನಿಂದಲೋ ಗೊತ್ತಾಗದ್ದರಿಂದ ಆ ಸುಳಿವೂ ಮಸುಕಾಗುತ್ತದೆ.

ಒಂದು ಬಿಡ್ಡಿಂಗ್ ನಿರ್ಧಾರ

ದಾಖಲೆ ಏಕೆ ಮುಖ್ಯ ಎಂಬುದು ಒಂದು ಕೈ ಬಿಡಿಸಿ ನೋಡಿದರೆ ತಿಳಿಯುತ್ತದೆ. ಒಬ್ಬರ ಬಳಿ ಇಸ್ಪೀಟಿನಲ್ಲಿ ಎಕ್ಕ, ರಾಜ, 8, 6, 3. ಆಟೀನಿನಲ್ಲಿ ಎಕ್ಕ, 7. ಡೈಮನ್ನಿನಲ್ಲಿ ರಾಣಿ, 9, 6, 4. ಕಳಾವರದಲ್ಲಿ ರಾಜ, 5 ಇವೆ ಎಂದಿಟ್ಟುಕೊಳ್ಳೋಣ. ಒಟ್ಟು 16 ಪಾಯಿಂಟ್. ಅವರು ಒಂದು ಇಸ್ಪೀಟು ಎಂದು ಆರಂಭಿಸಿದರು, ಜೊತೆಗಾರರು ಎರಡು ಇಸ್ಪೀಟಿಗೆ ಏರಿಸಿದರು. ಅಂದರೆ ಮೂರು ಇಸ್ಪೀಟೆಲೆ, 6ರಿಂದ 9 ಪಾಯಿಂಟ್. ಎದುರಾಳಿಗಳು ಪಾಸ್. ಕೂಡಿದರೆ 22ರಿಂದ 25. ಗೇಮ್ ಇದೆಯೋ ಇಲ್ಲವೋ ಎಂಬ ಹೊಸ್ತಿಲ ಮೇಲೆ ನಿಂತ ಕೈ ಇದು. ಅನುಭವಿಗಳು ಇಲ್ಲಿ ಮೂರು ಡೈಮನ್ ಎನ್ನುತ್ತಾರೆ. ಡೈಮನ್ ತುರುಫಾಗಲಿ ಎಂಬ ಅರ್ಥ ಅದಕ್ಕಿಲ್ಲ. ‘ಡೈಮನ್ನಿನಲ್ಲಿ ನನಗೆ ಆಸರೆ ಬೇಕು, ನಿಮ್ಮ ಬಳಿ ಇದ್ದರೆ ನಾಲ್ಕು ಇಸ್ಪೀಟಿಗೆ ಹೋಗಿ, ಇಲ್ಲದಿದ್ದರೆ ಮೂರು ಇಸ್ಪೀಟಿಗೆ ನಿಲ್ಲಿ’ ಎಂಬ ಪ್ರಶ್ನೆ ಅದು. ಜೊತೆಗಾರರ ಬಳಿ ಇಸ್ಪೀಟು ರಾಣಿಯ ಜೊತೆ ಡೈಮನ್ ರಾಜ, ಗುಲಾಮ, 3 ಇದ್ದು ಉಳಿದದ್ದೆಲ್ಲ ಚಿಲ್ಲರೆ ಎಲೆಯಾದರೆ ಅದು ಬರೀ 6 ಪಾಯಿಂಟಿನ ಬಡ ಕೈ. ಆದರೂ ಡೈಮನ್ನಿನಲ್ಲಿ ಹೋಗುವುದು ಒಂದೇ ಟ್ರಿಕ್, ಆಟೀನಿನಲ್ಲಿ ಒಂದು. ತುರುಫು ಒಡೆದುಕೊಂಡು ಕಾಡದಿದ್ದರೆ, ಕಳಾವರದ ಎಕ್ಕ ಬಲಗಡೆಯ ಎದುರಾಳಿಯ ಕೈಯಲ್ಲಿದ್ದರೆ ಹತ್ತು ಟ್ರಿಕ್ ಸಿಗುತ್ತವೆ. ಅದೇ ರಾಜ, ಗುಲಾಮನನ್ನು ಡೈಮನ್ನಿನಿಂದ ಕಿತ್ತು ಆಟೀನಿನಲ್ಲಿ ಇಡಿ. ಪಾಯಿಂಟ್ ಅಷ್ಟೇ ಉಳಿಯುತ್ತದೆ, ಡೈಮನ್ನಿನಲ್ಲಿ ಮೂರು ಟ್ರಿಕ್ ಸೋರುವ ಭಯ ಬರುತ್ತದೆ. ಆಗ ಗೇಮ್ ಆಗಲು ಎರಡು ಮೂರು ಅದೃಷ್ಟಗಳು ಒಟ್ಟಿಗೆ ಕೂಡಬೇಕು.

ಇನ್ನು ಅಂಕದ ಲೆಕ್ಕ. ಮೊದಲ ಕೈಯಲ್ಲೂ ಗೇಮ್ ಆಗುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯೇ. ಹಾಗಿದ್ದರೆ ಹೋಗಬೇಕೇ? ಉತ್ತರ ಪಂದ್ಯದ ಬಗೆಯನ್ನು ಕೇಳುತ್ತದೆ. ತಂಡಗಳ ಪಂದ್ಯದಲ್ಲಿ, ಬೋನಸ್ಸೂ ದಂಡವೂ ಹೆಚ್ಚಿರುವ ‘ವಲ್ನರಬಲ್’ ಸ್ಥಿತಿಯಲ್ಲಿ, ನಾಲ್ಕು ಇಸ್ಪೀಟು ಕೂಗಿ ಗೆದ್ದರೆ 620. ಕೆಳಗೆ ನಿಂತು ಹತ್ತು ಟ್ರಿಕ್ ಗಳಿಸಿದವರಿಗೆ 170. ವ್ಯತ್ಯಾಸ 450, ತಂಡದ ಅಳತೆಯಾದ ಇಂಪ್‌ಗಳಲ್ಲಿ 10. ಒಂದು ಟ್ರಿಕ್‌ನಿಂದ ಸೋತರೆ 100 ದಂಡ. ಕೆಳಗೆ ನಿಂತವರಿಗೆ 140. ವ್ಯತ್ಯಾಸ 240, ಅಂದರೆ 6 ಇಂಪ್. ಹತ್ತು ಗಳಿಸಲು ಆರನ್ನು ಪಣಕ್ಕಿಡುವ ವ್ಯವಹಾರವಿದು. ನೂರಕ್ಕೆ ಮೂವತ್ತೇಳೂವರೆಗಿಂತ ಹೆಚ್ಚು ಸಲ ಗೆಲ್ಲುವುದಾದರೆ ಹೋಗುವುದೇ ಲಾಭ. ವಲ್ನರಬಲ್ ಅಲ್ಲದಿದ್ದರೆ ಲಾಭ 6, ನಷ್ಟ 5. ಗೆರೆ ನೂರಕ್ಕೆ 45ರ ಮೇಲೇರುತ್ತದೆ. ಎಷ್ಟು ಅಂಕದಿಂದ ಎಂಬುದನ್ನು ಬಿಟ್ಟು ಎಷ್ಟು ಮೇಜುಗಳನ್ನು ಹಿಂದಿಕ್ಕಿದಿರಿ ಎಂದಷ್ಟೇ ಎಣಿಸುವ ಮ್ಯಾಚ್‌ಪಾಯಿಂಟ್ ಆಟದಲ್ಲಿ ಗೆರೆ ಸರಿಸುಮಾರು 50. ಒಂದೇ ಕೈ, ಒಂದೇ ಬಿಡ್. ಒಂದು ಪಂದ್ಯದಲ್ಲಿ ಜಾಣತನ, ಇನ್ನೊಂದರಲ್ಲಿ ಹುಂಬತನ. ಬರೀ ಅಂಕಹಾಳೆ ನೋಡಿದವರಿಗೆ ಇದು ಹೊಳೆಯುವುದಿಲ್ಲ. ಬಿಡ್ಡಿಂಗ್, ಪಂದ್ಯದ ಬಗೆ, ವಲ್ನರಬಲ್ ಸ್ಥಿತಿ, ಉಳಿದ ಮೇಜುಗಳ ಆಯ್ಕೆ ಎಲ್ಲ ಒಂದೇ ಕಡೆ ಉಳಿದಾಗ ಮಾತ್ರ ಚರ್ಚೆ ಸಾಧ್ಯ.

ಚರ್ಚೆ ಮತ್ತು ಅದರ ಅಪಾಯ

ಬಿಡ್ಡಿಂಗ್ ಸಮಸ್ಯೆಯನ್ನು ಚೆನ್ನಾಗಿ ಕೇಳುವವರು ಒಂದೇ ಕೈ ತೋರಿಸುತ್ತಾರೆ, ಉಳಿದ ಮೂರನ್ನು ಮುಚ್ಚಿಡುತ್ತಾರೆ, ತಾವೇನು ಮಾಡಿದೆವೆಂದು ಹೇಳುವುದಿಲ್ಲ. ನಾಲ್ಕೂ ಕೈ ಬಿಚ್ಚಿಟ್ಟು ‘ನಾನು ಸರಿಯಲ್ಲವೇ’ ಎಂದು ಕೇಳಿದರೆ ಸಿಗುವುದು ಸಾಂತ್ವನವೇ ಹೊರತು ಅಭಿಪ್ರಾಯವಲ್ಲ. ಈ ಶಿಸ್ತಿಗೆ ತಾಣಗಳೇ ಒಂದು ಅಡ್ಡಿ ತಂದಿವೆ ಎಂಬ ಆಕ್ಷೇಪ ನ್ಯಾಯವಾದದ್ದು. ಆಟ ಮುಗಿದೊಡನೆ ‘ಡಬಲ್ ಡಮ್ಮಿ’ ಗಣಕ, ನಾಲ್ಕೂ ಕೈ ಕಾಣುತ್ತಿದ್ದರೆ ಎಷ್ಟು ಟ್ರಿಕ್ ಸಾಧ್ಯವಿತ್ತೆಂದು ಹೇಳಿಬಿಡುತ್ತದೆ. ನಾಲ್ಕು ಇಸ್ಪೀಟು ಆಗುತ್ತಿತ್ತು ಎಂದು ಪರದೆ ಹೇಳಿದ ಮೇಲೆ, ಹೋಗದಿದ್ದವರು ತಪ್ಪಿತಸ್ಥರು ಎನಿಸಿಬಿಡುತ್ತದೆ. ಗಣಕ ಹೇಳುವುದು ಆ ಒಂದು ಹಂಚಿಕೆಯ ಸತ್ಯ. ಬಿಡ್ ಮಾಡಿದವರ ಮುಂದಿದ್ದದ್ದು ಲಕ್ಷಾಂತರ ಹಂಚಿಕೆಗಳ ಸಾಧ್ಯತೆ. ಆಕ್ಷೇಪಕ್ಕೆ ಪರಿಹಾರವೂ ಅದೇ ಯಂತ್ರದಲ್ಲಿದೆ. ನಮ್ಮ ಕೈಯನ್ನೂ ಆದ ಬಿಡ್ಡಿಂಗನ್ನೂ ಹಾಗೇ ಇಟ್ಟು, ಉಳಿದ ಎಲೆಗಳನ್ನು ಸಾವಿರ ಬಗೆಯಲ್ಲಿ ಹಂಚಿಸಿ ನೋಡಿದರೆ ಎಷ್ಟರಲ್ಲಿ ಗೇಮ್ ಆಗುತ್ತದೆಂಬ ಅಂದಾಜು ಸಿಗುತ್ತದೆ. ಒಂದು ಫಲಿತಾಂಶದಿಂದ ಪಾಠ ಕಲಿಯುವ ಹಳೆಯ ಚಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಕ್ಲಬ್‌ನ ಚಹಾ ಮೇಜಿನಲ್ಲಿ ಇರಲಿಲ್ಲ.

ಎರಡನೆಯ ಆಕ್ಷೇಪ ಬಿಡ್ಡಿಂಗ್ ಪದ್ಧತಿಗಳ ವೈವಿಧ್ಯ ಕುಗ್ಗುತ್ತದೆ ಎಂಬುದು. ಆಸ್ಟ್ರೇಲಿಯಾದ ಕ್ಲಬ್‌ಗಳಲ್ಲಿ ಲಂಡನ್ ಮೂಲದ ಏಕಾಲ್ ಬಹುಕಾಲ ಬೇರೂರಿತ್ತು; ಅದರಲ್ಲಿ ಒಂದು ನೋ ಟ್ರಂಪ್ ಎಂದರೆ 12ರಿಂದ 14 ಪಾಯಿಂಟ್. ಅಮೆರಿಕದ ಪದ್ಧತಿಯಲ್ಲಿ ಅದೇ ಬಿಡ್ 15ರಿಂದ 17. ಅಪರಿಚಿತರು ಕೂಡುವ ಕಡೆ ಬೇಗ ಒಪ್ಪಿಗೆಯಾಗುವುದು ಅಮೆರಿಕದ ಪದ್ಧತಿಯೇ, ಇದು ನಿಜ. ಆದರೆ ಕೃತಕ ಬಿಡ್ಡಿಂಗ್ ಹೆಚ್ಚಿದಂತೆ ಎದುರಾಳಿಗಳಿಗೆ ಪೀಡೆಯಾಗದಿರಲೆಂದು ಹಸಿರು, ನೀಲಿ, ಕೆಂಪು, ಹಳದಿ ಎಂದು ಪದ್ಧತಿಗಳನ್ನು ವಿಂಗಡಿಸಿ ಕೆಲವನ್ನು ದೊಡ್ಡ ಪಂದ್ಯಗಳಿಗಷ್ಟೇ ಬಿಟ್ಟದ್ದು ಮೇಜಿನ ಕಾಲದ ವ್ಯವಸ್ಥೆ. ಬಿಡ್ ಮಾಡಿದವರೇ ಅರ್ಥ ಬರೆದು ತೋರಿಸುವ ಕಡೆ ಅಪರೂಪದ ಪದ್ಧತಿಯ ಜೋಡಿಗೂ ಅದರ ಎದುರಾಳಿಗೂ ಹಾದಿ ಸುಗಮ. ಅಂದರೆ ದಿಢೀರ್ ಜೋಡಿಗಳಲ್ಲಿ ಏಕರೂಪತೆ ಬೆಳೆಯುತ್ತದೆ, ನಿಂತ ಜೋಡಿಗಳಿಗೆ ಸ್ವಾತಂತ್ರ್ಯ ಕುಗ್ಗಬೇಕಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಮೋಸದ್ದು. ಮನೆಯಲ್ಲಿ ಕೂತ ಇಬ್ಬರು ಜೊತೆಗಾರರ ನಡುವೆ ಫೋನು ಇರಬಹುದು. ತಾವೇ ಆಡುತ್ತಿರುವ ಮೇಜಿಗೆ ಇನ್ನೊಂದು ಹೆಸರಿನಲ್ಲಿ ಪ್ರೇಕ್ಷಕರಾಗಿ ಬಂದು ನಾಲ್ಕೂ ಕೈ ನೋಡಬಹುದು. 2020ರಲ್ಲಿ ಇಂಥ ಪ್ರಕರಣಗಳು ಉನ್ನತ ಮಟ್ಟದ ಆಟಗಾರರಲ್ಲೂ ಬಯಲಾದವು. ಪ್ರೇಕ್ಷಕರನ್ನು ಹೊರಗಿಡುವುದು, ಪ್ರಸಾರವನ್ನು ತಡಮಾಡಿ ತೋರಿಸುವುದು, ರಿಯಲ್‌ಬ್ರಿಡ್ಜ್‌ನಂತೆ ಕ್ಯಾಮೆರಾ ಇಡುವುದು ಭಾಗಶಃ ಪರಿಹಾರಗಳು. ಆದರೆ ಮೇಜು ಮೋಸದಿಂದ ಮುಕ್ತವಾಗಿತ್ತು ಎಂಬ ನಂಬಿಕೆಗೆ ಇತಿಹಾಸ ಸಾಕ್ಷಿ ಹೇಳುವುದಿಲ್ಲ. ಪರದೆ ಬಂದ 1975ರ ಬರ್ಮುಡಾ ಬೌಲ್‌ನಲ್ಲೇ ಮೇಜಿನ ಕೆಳಗೆ ಕಾಲಿನ ಸನ್ನೆಯ ಆರೋಪ ಎದ್ದಿತು, ಆಮೇಲೆ ಮೇಜಿನ ಕೆಳಗೂ ಅಡ್ಡ ಕಟ್ಟಬೇಕಾಯಿತು. 2015ರಲ್ಲಿ ನಾರ್ವೆಯ ಬೋಯೆ ಬ್ರೋಗೆಲಂಡ್ ಮುಂದಾಗಿ ಎತ್ತಿದ ಪ್ರಕರಣಗಳಲ್ಲಿ ಗುಟ್ಟಿನ ಸನ್ನೆಗಳನ್ನು ಪತ್ತೆಹಚ್ಚಿದ್ದು ಪಂದ್ಯಗಳ ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿ. ಎರಡೂ ಕಡೆ ಮೋಸವಿತ್ತು, ಹಿಡಿದುಕೊಟ್ಟದ್ದು ದಾಖಲೆ. ಆನ್‌ಲೈನಿನಲ್ಲಿ ಪ್ರತಿ ಬಿಡ್, ಪ್ರತಿ ಎಲೆ ಉಳಿಯುವುದರಿಂದ, ಕಾಣದ ಎಲೆ ಕಂಡವರಂತೆ ಪದೇ ಪದೇ ಸರಿಯಾಗುವವರ ಜಾಡು ಹಿಡಿಯಲು ನೂರಾರು ಕೈಗಳ ಪುರಾವೆ ಸಿಗುತ್ತದೆ. ಅಂತರ್ಜಾಲ ಮೋಸವನ್ನು ಸುಲಭ ಮಾಡಿತು ಎಂಬುದು ನಿಜ. ದೀರ್ಘಕಾಲ ಮುಚ್ಚಿಡುವುದನ್ನು ಕಷ್ಟ ಮಾಡಿತು ಎಂಬುದೂ ಅಷ್ಟೇ ನಿಜ.

ಕ್ಲಬ್‌ನ ಪಾಲು

ಉಳಿಯುವ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. ಬ್ರಿಡ್ಜ್ ಕ್ಲಬ್ ಬರೀ ಆಟದ ಮನೆಯಲ್ಲ. ನಿವೃತ್ತರಿಗೆ ಹೊರಗೆ ಹೋಗಲೊಂದು ನೆಪ, ಒಂಟಿಯಾದವರಿಗೆ ವಾರಕ್ಕೆರಡು ಸಲ ಹೆಸರು ಹಿಡಿದು ಕರೆಯುವ ಜಾಗ. ಮೇಜಿನ ಶುಲ್ಕದಿಂದಲೇ ಕಟ್ಟಡ ನಿಲ್ಲಬೇಕು. ಪರದೆಯ ಮೇಲಿನ ‘ಚೆನ್ನಾಗಿ ಆಡಿದಿರಿ’ ಎಂಬ ಎರಡು ಪದ ಅದರ ಬದಲಿಗೆ ಬಾರದು. ಆದ್ದರಿಂದ ಒಂದರಿಂದ ಇನ್ನೊಂದರ ಕೆಲಸ ಮಾಡಿಸಲು ಹೊರಡುವುದೇ ತಪ್ಪು. ಜನ ಕೂಡುವುದಕ್ಕೆ ಅನ್‌ಲಿಯ ಸಭಾಂಗಣ ಬೇಕು. ಕೂಡಿದವರು ಕಲಿಯುವುದಕ್ಕೆ ದಾಖಲೆ ಬೇಕು. ಮೂರು ಡೈಮನ್ ಎಂಬ ಪ್ರಶ್ನೆಗೆ ಆರೇ ಪಾಯಿಂಟಿನ ಕೈಯಿಂದ ನಾಲ್ಕು ಇಸ್ಪೀಟು ಎಂದ ಪರ್ತ್‌ನ ಆಟಗಾರರು ಕಳಾವರದ ಎಕ್ಕ ಎಡಗಡೆ ಬಿದ್ದು ಸೋತರು, ಮೂರಕ್ಕೆ ನಿಂತ ಬ್ರಿಸ್ಬೇನಿನವರು ಗೆದ್ದರು ಎಂದುಕೊಳ್ಳಿ. ಅಂಕಹಾಳೆ ಬ್ರಿಸ್ಬೇನಿಗೆ ಮೆಚ್ಚುಗೆ ಬರೆದು ಮುಗಿಸುತ್ತದೆ. ಅದೇ ಕೈಯನ್ನು ಮೂರೂ ಊರಿನವರು ತೆರೆದಿಟ್ಟುಕೊಂಡು ಕೂತರೆ, ಅದು ತಂಡಗಳ ಪಂದ್ಯವಾಗಿತ್ತೇ, ವಲ್ನರಬಲ್ ಆಗಿದ್ದರೇ ಎಂಬ ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ, ಸೋತ ಬಿಡ್ಡೇ ಸರಿಯಾದ ಬಿಡ್ ಆಗಿದ್ದಿರಬಹುದು ಎಂಬ ಮಾತು ಬಂದೇ ಬರುತ್ತದೆ.